ಹಳೆಯ ಜೀಪಿನ ಯೋಗಕ್ಷೇಮ

ಯೋಗಕ್ಷೇಮವೆಂಬ ಮಾತನ್ನು ಕಾಗದಗಳ ಮೊದಲಲ್ಲಿ ಬರೆಯುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ ಎಂದು ಅದರ ಅರ್ಥವನ್ನು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹುಡುಗರಿಗೆ ಹೇಳಿಕೊಟ್ಟವರು ನಾವು. ಹೀಗಿದ್ದೂ ನಾವೇ ಒಂದು ಹಳೆಯ ಜೀಪನ್ನು ಕೊಂಡಾಗ, ಯೋಗವಾಯಿತಷ್ಟೆ, ಕ್ಷೇಮವು ತಾನಾಗಿಯೇ ಹಿಂದೆ ಬರುವುದೆಂದು ನಂಬಿ ಐದು ತಿಂಗಳು ಸುಮ್ಮನಿದ್ದೆವು. ಅದರ ಫಲವನ್ನು ಉಂಡವರು ನಮ್ಮ ಅಕ್ಕನವರು. ಆ ಸಂಗತಿಯನ್ನೂ, ಅನಂತರ ನಾವು ಕಲಿತುಕೊಂಡುದನ್ನೂ ಗೃಹಸ್ಥರಾದ ವಾಚಕರಲ್ಲಿ ಅರಿಕೆ ಮಾಡಿಕೊಳ್ಳುವೆವು.

ನಮ್ಮ ಮನೆಯು ತೀರ್ಥಹಳ್ಳಿ ಸೀಮೆಯಲ್ಲಿ, ಆಗುಂಬೆಯ ದಾರಿಯಿಂದ ಒಳಕ್ಕೆ, ಅಡಕೆ ತೋಟದ ತಗ್ಗಿನಲ್ಲಿದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವುದೆಂದರೆ ನಮ್ಮ ದಾರಿಯ ವರ್ಣನೆಯು ಅಲ್ಲಿಗೇ ಮುಗಿದಂತೆ. ಮನೆಯಿಂದ ಡಾಂಬರು ರಸ್ತೆಗೆ ಮುಕ್ಕಾಲು ಮೈಲಿ ಕೆಮ್ಮಣ್ಣಿನ ಏರು; ನಡುವೆ ಒಂದು ಹಳ್ಳ. ಜೂನ್ ತಿಂಗಳು ಹಿಡಿದು ಸೆಪ್ಟೆಂಬರಿನವರೆಗೆ ಬಾಡಿಗೆ ಗಾಡಿಗಳೆಲ್ಲ ಹಳ್ಳದ ಆಚೆಯ ದಡದಲ್ಲಿಯೇ ನಿಲ್ಲುವುವು. ಅಕ್ಕನವರಿಗೆ ಎಪ್ಪತ್ತನಾಲ್ಕು ವರ್ಷ, ಉಬ್ಬಸದ ಉಪದ್ರವ ಬೇರೆ. ಆದಕಾರಣ ನಿವೃತ್ತಿಯ ಹಣ ಕೈಸೇರಿದೊಡನೆ, 2023ರ ಫೆಬ್ರವರಿಯಲ್ಲಿ, ನಾಲ್ಕು ಚಕ್ರಗಳಿಗೂ ಯಂತ್ರದ ಬಲವು ಹರಿಯುವ ಜೀಪೊಂದನ್ನು ಎರಡನೆಯ ಕೈಯಿಂದ ಕೊಂಡೆವು. ಅದು 2010ರಲ್ಲಿ ನೋಂದಾವಣೆಯಾದ ಗಾಡಿ. ಹಸಿರು ಬಣ್ಣ ಮಿಂಚುತ್ತಿದ್ದಿತು, ಆಸನಗಳಿಗೆ ಹೊಸ ಹೊದಿಕೆ ಹಾಕಿದ್ದಿತು. ಮಾರಿದವರು ಗೇರಿನ ಪಕ್ಕದ ಚಿಕ್ಕ ಸನ್ನೆಗೋಲನ್ನು ಹಿಂದಕ್ಕೂ ಮುಂದಕ್ಕೂ ಎಳೆದು ತೋರಿಸಿ, ‘ನಾಲ್ಕೂ ಚಕ್ರ ಸರಿಯಾಗಿವೆ’ ಎಂದರು, ನಾವೂ ತಲೆದೂಗಿದೆವು.

ಜುಲೈ ತಿಂಗಳ ಒಂದು ರಾತ್ರಿ ಹತ್ತೂವರೆಯ ಸುಮಾರಿಗೆ ಅಕ್ಕನವರಿಗೆ ಉಸಿರು ಹಿಡಿದುಕೊಂಡಿತು. ಔಷಧದಿಂದ ಗುಣ ಕಾಣಲಿಲ್ಲ. ಅವರನ್ನು ಜೀಪಿನಲ್ಲಿ ಕುಳ್ಳಿರಿಸಿ, ನಮ್ಮ ಗೃಹಿಣಿಯನ್ನು ಒತ್ತಿಗೆ ಕೂರಿಸಿ, ಹಳ್ಳವನ್ನು ದಾಟಿಯೇನೋ ದಾಟಿದೆವು. ಏರಿನ ಎರಡನೆಯ ತಿರುವಿನಲ್ಲಿ ಗಾಡಿಯು ನಿಂತಿತು. ಸನ್ನೆಗೋಲನ್ನು ಎಳೆದೆವು, ಅದು ಒಳಗೆ ಕಚ್ಚಿಕೊಂಡ ಸದ್ದೂ ಕೇಳಿಸಿತು. ಆದರೆ ಹಿಂದಿನ ಚಕ್ರಗಳು ಕೆಸರನ್ನು ಕೆದರುತ್ತಿದ್ದುವೇ ಹೊರತು ಮುಂದಿನವು ದೇವಸ್ಥಾನದ ಕಲ್ಲಿನ ರಥಚಕ್ರಗಳಂತೆ ಸುಮ್ಮನೆ ನಿಂತಿದ್ದುವು. ಕಡೆಗೆ ನೆರೆಯ ತೋಟದ ಆಳುಗಳು ನಾಲ್ವರು ಬಂದು, ನಮ್ಮ ಅಜ್ಜನ ಕಾಲದಲ್ಲಿ ಮಾಡುತ್ತಿದ್ದಂತೆಯೇ, ಬಿದಿರ ಗಳುವಿಗೆ ಕಂಬಳಿಯ ಜೋಲಿ ಕಟ್ಟಿ ಅಕ್ಕನವರನ್ನು ಹೊತ್ತು ರಸ್ತೆಗೆ ಮುಟ್ಟಿಸಿದರು. ಆಸ್ಪತ್ರೆಗೆ ಸೇರಿಸುವಾಗ ರಾತ್ರಿ ಒಂದು ಗಂಟೆ. ‘ಇನ್ನು ಅರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು’ ಎಂದು ವೈದ್ಯರು ಹೇಳಿದ ಮಾತು ನಮ್ಮ ಕಿವಿಯಲ್ಲಿ ಈಗಲೂ ಇದೆ. ಆ ಗಾಡಿಯನ್ನು ಕೊಂಡದ್ದೇ ಅಂಥ ಒಂದು ರಾತ್ರಿಗಾಗಿ!

ಮಾರನೆಯ ವಾರ ವೃದ್ಧರಾದ ಮೇಸ್ತ್ರಿಯೊಬ್ಬರು ಬಂದು ನೋಡಿದರು. ಅವರು ಯಂತ್ರದ ಮುಚ್ಚಳವನ್ನು ತೆರೆಯಲೇ ಇಲ್ಲ. ನೇರವಾಗಿ ಮುಂದಿನ ಎಡಚಕ್ರದ ಮುಂದೆ ಕುಕ್ಕರಿಸಿ ಕುಳಿತರು. ನಮ್ಮದರಂಥ ಕೆಲವು ಜೀಪುಗಳಲ್ಲಿ ಮುಂದಿನ ಎರಡು ಚಕ್ರಗಳ ನಡುಮಧ್ಯದಲ್ಲಿ ಹಿಡಿಯಗಲದ ಒಂದು ಬಿಲ್ಲೆ ಇರುವುದು. ಇದಕ್ಕೆ ಹಬ್ಬೆನ್ನುವರು. ಅದನ್ನು ಒಂದು ಕಡೆಗೆ ತಿರುಗಿಸಿದರೆ ಚಕ್ರವು ಒಳಗಿನ ಅಚ್ಚಿನ ಹಂಗಿಲ್ಲದೆ ತನ್ನಷ್ಟಕ್ಕೆ ಉರುಳುವುದು. ಮತ್ತೊಂದು ಕಡೆಗೆ ತಿರುಗಿಸಿದರೆ ಅಚ್ಚಿಗೆ ಸಿಕ್ಕಿಕೊಂಡು ಅದರೊಡನೆ ತಿರುಗುವುದು. ಡಾಂಬರು ರಸ್ತೆಯಲ್ಲಿ ಮುಂದಿನ ಅಚ್ಚು ವ್ಯರ್ಥವಾಗಿ ತಿರುಗದಿರಲೆಂದು ಈ ಏರ್ಪಾಡು. ಬಲಗಡೆಯ ಬಿಲ್ಲೆ ತಿರುಗಿತು. ಎಡಗಡೆಯದು ಬಿಡಿಯಾದ ಸ್ಥಿತಿಯಲ್ಲಿಯೇ ತುಕ್ಕು ಹಿಡಿದು ಶಿಲೆಯಾಗಿದ್ದಿತು. ಒಂದೇ ಕೆಟ್ಟಿದ್ದರೆ ಇನ್ನೊಂದಾದರೂ ಎಳೆಯಬಾರದಿತ್ತೆ ಎಂದು ಕೇಳಿದೆವು. ಎರಡು ಚಕ್ರಗಳಿಗೆ ಬಲವನ್ನು ಹಂಚುವ ಡಿಫರೆನ್ಷಿಯಲೆಂಬ ಯಂತ್ರಭಾಗವು ಸುಲಭವಾಗಿ ತಿರುಗುವ ಕಡೆಗೇ ಬಲವನ್ನು ಹರಿಯಗೊಡುವುದಾದ್ದರಿಂದ, ಒಂದು ಬಿಲ್ಲೆ ಬಿಡಿಯಾಗಿದ್ದರೆ ಆ ಕಡೆಯ ಅಚ್ಚು ಬರಿದೆ ಗಿರಗಿರನೆ ತಿರುಗುವುದು, ಮತ್ತೊಂದು ಚಕ್ರ ಕದಲದು ಎಂದು ಅವರು ತಿಳಿಸಿದರು. ನಾವಂತೂ ಆ ಬಿಲ್ಲೆಗಳನ್ನು ಅಲಂಕಾರವೆಂದೇ ತಿಳಿದಿದ್ದೆವು. ಬಲಗಡೆಯದನ್ನೂ ಒಮ್ಮೆಯೂ ತಿರುಗಿಸಿದವರಲ್ಲ.

ಈ ಪರೀಕ್ಷೆಯನ್ನು ಯಾರಾದರೂ ಮಾಡಬಹುದು. ಸಮನೆಲದಲ್ಲಿ ಗಾಡಿಯನ್ನು ನಿಲ್ಲಿಸಿ, ಯಂತ್ರವನ್ನು ಆರಿಸಿ, ಕೈಬ್ರೇಕು ಎಳೆದು, ಹಿಂದಿನ ಚಕ್ರಗಳಿಗೆ ಎರಡು ಕಡೆಯೂ ಕಲ್ಲು ಕೊಟ್ಟು, ಸನ್ನೆಗೋಲನ್ನು ಎರಡು ಚಕ್ರಗಳ ಸ್ಥಾನದಲ್ಲಿಟ್ಟು, ಮುಂದಿನ ಒಂದು ಚಕ್ರವನ್ನು ಜಾಕಿಯಿಂದ ಎತ್ತಬೇಕು. ಬಿಲ್ಲೆಗಳೆರಡನ್ನೂ ಸಿಕ್ಕಿಸಿ ಎತ್ತಿದ ಚಕ್ರವನ್ನು ಕೈಯಿಂದ ತಿರುಗಿಸಿದರೆ, ಗಾಡಿಯ ಹೊಟ್ಟೆಯ ಕೆಳಗೆ ಮುಂದಕ್ಕೆ ಹೋಗುವ ಉದ್ದನೆಯ ದಂಡವೂ ತಿರುಗಬೇಕು. ಬಿಲ್ಲೆಯನ್ನು ಬಿಡಿಯಾಗಿಸಿದರೆ ಚಕ್ರ ಮಾತ್ರ ತಿರುಗಬೇಕು. ದಂಡವನ್ನು ದೂರದಿಂದ ಬಗ್ಗಿ ನೋಡತಕ್ಕದ್ದು. ಬರಿಯ ಜಾಕಿಯ ಮೇಲಿರುವ ಗಾಡಿಯ ಕೆಳಗೆ ತಲೆ ಹಾಕಬಾರದು. ಹೀಗೆ ಎತ್ತಿದ ಗಾಡಿಯ ಯಂತ್ರವನ್ನು ಹೊಡೆದು ಗೇರು ಹಾಕುವ ಸಾಹಸವಂತೂ ಕೂಡದು. ನೆಲದ ಮೇಲಿರುವ ಚಕ್ರಗಳು ಎಳೆದವೆಂದರೆ ಗಾಡಿಯು ಜಾಕಿಯಿಂದ ನೆಗೆಯುವುದು. ಕೆಲವರು ಎಣ್ಣೆಯ ಉಳಿತಾಯಕ್ಕೆಂದು ಆ ಮುಂದಿನ ದಂಡವನ್ನೇ ಕಳಚಿಟ್ಟು ಅನಂತರ ಗಾಡಿಯನ್ನು ಮಾರುವುದುಂಟೆಂದು ಮೇಸ್ತ್ರಿಗಳಿಂದ ಕೇಳಿದೆವು. ಕೊಳ್ಳುವವರು ಅಷ್ಟನ್ನಾದರೂ ಬಗ್ಗಿ ನೋಡಿಕೊಳ್ಳುವುದು ಮೇಲು.

ಹಬ್ಬಿನ ಕಥೆ ಅಲ್ಲಿಗೆ ಮುಗಿಯಿತು; ಎಣ್ಣೆಯ ಕಥೆ ಆರಂಭವಾಯಿತು. ಸಾಧಾರಣ ಗೃಹಸ್ಥನು ಮೋಟಾರಿನ ಎಣ್ಣೆಯೆಂದರೆ ಯಂತ್ರದ ಎಣ್ಣೆಯೊಂದೇ ಎಂದು ತಿಳಿದಿರುವನು. ನಮ್ಮ ಗಾಡಿಯಲ್ಲಿಯಾದರೋ ಅದಲ್ಲದೆ ಇನ್ನೂ ನಾಲ್ಕು ಕಡೆ ಎಣ್ಣೆಯಿದೆ: ಗೇರಿನ ಪೆಟ್ಟಿಗೆ, ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಟ್ರಾನ್ಸ್‌ಫರ್ ಪೆಟ್ಟಿಗೆ, ಮುಂದಿನ ಡಿಫರೆನ್ಷಿಯಲು, ಹಿಂದಿನ ಡಿಫರೆನ್ಷಿಯಲು. ವ್ಯಾಕರಣದಲ್ಲಿ ಲೋಪವಾದ ಪ್ರತ್ಯಯವು ಕಣ್ಣಿಗೆ ಕಾಣದಿದ್ದರೂ ತನ್ನ ಕಾರ್ಯವನ್ನು ನಡೆಯಿಸುವುದುಂಟು. ಜೀಪಿನಲ್ಲಿ ಲೋಪವಾದ ಎಣ್ಣೆಯು ಯಾವ ಕಾರ್ಯವನ್ನೂ ನಡೆಯಿಸದು. ಮೇಸ್ತ್ರಿಗಳು ಮುಂದಿನ ಡಿಫರೆನ್ಷಿಯಲಿನ ಕೆಳಗೆ ಬೋಗುಣಿಯನ್ನಿಟ್ಟು ತಿರುಪನ್ನು ಬಿಚ್ಚಿದಾಗ ಹೊರಬಿದ್ದದ್ದು ಹಾಲು ಬೆರೆತ ಕಾಫಿಯಂಥ ದ್ರವ. ಅಕ್ಕನವರು ಜಗಲಿಯಿಂದಲೇ, ‘ಅದಕ್ಕೆ ಸಕ್ಕರೆ ಹಾಕಿದ್ದೀರೋ?’ ಎಂದರು. ಎಣ್ಣೆಗೆ ನೀರು ಸೇರಿದರೆ ಈ ಬಣ್ಣ ಬರುವುದು. ಹಲ್ಲುಚಕ್ರಗಳು ಅದರಲ್ಲಿ ಬೇಗನೆ ಸವೆದು ತುಕ್ಕು ಹಿಡಿಯುವುವು.

ನೀರು ಸೇರುವ ಬಗೆಯು ನಮಗೆ ವಿಸ್ಮಯವನ್ನುಂಟುಮಾಡಿತು. ಪ್ರತಿಯೊಂದು ಅಚ್ಚಿನ ಮೇಲೂ ಬೆರಳ ತುದಿಯಷ್ಟು ಚಿಕ್ಕದಾದ ಉಸಿರುಗೊಳವೆ ಇರುವುದು. ಗಾಡಿ ಓಡಿದಾಗ ಒಳಗಿನ ಎಣ್ಣೆಯೂ ಗಾಳಿಯೂ ಕಾಯುವುವು. ಕಾದ ಗಾಳಿಯು ಈ ಕೊಳವೆಯಿಂದ ಹೊರಕ್ಕೆ ಹೋಗುವುದು. ಕಾದ ಅಚ್ಚು ಹಳ್ಳದ ತಣ್ಣೀರಿನಲ್ಲಿ ಮುಳುಗಿದೊಡನೆ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುವುದು. ಕೊಳವೆಯು ಮಣ್ಣಿನಿಂದ ಮುಚ್ಚಿಹೋಗಿದ್ದರೆ ಅಚ್ಚಿನ ತುದಿಗಳ ರಬ್ಬರು ಬಳೆಗಳ ಸಂದಿನಿಂದ ನೀರನ್ನೇ ಹೀರಿಕೊಳ್ಳುವುದು. ಉಬ್ಬಸದವರ ಮನೆಯ ಗಾಡಿಗೂ ಉಸಿರಿನದೇ ರೋಗ! ನಾವು ಈಗ ಕೊಳವೆಗಳನ್ನು ತಂತಿಯಿಂದ ಚೊಕ್ಕಟಮಾಡಿ, ಅವಕ್ಕೆ ರಬ್ಬರು ನಾಳಗಳನ್ನು ತೊಡಿಸಿ, ತುದಿಯನ್ನು ನೀರು ಮುಟ್ಟದಷ್ಟು ಎತ್ತರಕ್ಕೆ ಕಟ್ಟಿಸಿರುವೆವು. ಹಳ್ಳಕ್ಕಿಳಿಯುವ ಮೊದಲು ಐದು ನಿಮಿಷ ನಿಲ್ಲಿಸಿ ಅಚ್ಚುಗಳನ್ನು ಆರಗೊಡುವುದೂ ಒಳ್ಳೆಯದೇ. ಮಳೆಯಲ್ಲಿ ಅಷ್ಟು ತಾಳ್ಮೆ ಯಾರಿಗಿರುವುದು, ಬೇರೆ ಮಾತು.

ಎಣ್ಣೆ ಬದಲಿಸುವವರಿಗೆ ಮೇಸ್ತ್ರಿಗಳು ಹೇಳಿದ ಒಂದು ಸೂತ್ರವಿದೆ: ಕೆಳಗಿನ ತಿರುಪನ್ನು ಬಿಚ್ಚುವುದಕ್ಕಿಂತ ಮೊದಲು ಮೇಲಿನ ತಿರುಪನ್ನು ಬಿಚ್ಚಿ ನೋಡಬೇಕು. ಹಳೆಯದೆಲ್ಲ ಸುರಿದುಹೋದ ಮೇಲೆ, ಹೊಸದನ್ನು ಹೊಯ್ಯುವ ಬಾಯಿಯೇ ತುಕ್ಕು ಹಿಡಿದು ತೆರೆಯದಿದ್ದರೆ ಗಾಡಿಯು ಅಲ್ಲಿಯೇ ಉಳಿಯುವುದು. ಕೆಲವು ಗಾಡಿಗಳಲ್ಲಿ ಕೆಳಗಿನ ತಿರುಪಿನ ತುದಿಗೆ ಅಯಸ್ಕಾಂತವಿರುವುದು. ಅದಕ್ಕೆ ಕಾಡಿಗೆಯಂಥ ನುಣ್ಣನೆಯ ಲೋಹದ ಪುಡಿ ಅಂಟಿಕೊಂಡಿದ್ದರೆ ಭಯವಿಲ್ಲ. ಕೈಗೆ ಸಿಕ್ಕುವಂಥ ಚೂರುಗಳಿದ್ದರೆ ಒಳಗಿನ ಹಲ್ಲು ಮುರಿದಿರಬಹುದು. ಎಣ್ಣೆಯ ಜಾತಿಯನ್ನು ಗಾಡಿ ಮಾಡಿದವರ ಕೈಪಿಡಿಯನ್ನು ನೋಡಿಯೇ ನಿಶ್ಚಯಿಸಬೇಕು. ತೆಗೆದ ಹಳೆಯ ಎಣ್ಣೆಯನ್ನು ತೋಟದ ಕಾದಿಗೆಗಾಗಲಿ ಹಳ್ಳಕ್ಕಾಗಲಿ ಸುರಿಯದೆ ಡಬ್ಬದಲ್ಲಿ ತುಂಬಿ ಕಾರ್ಖಾನೆಯವರಿಗೆ ಒಪ್ಪಿಸಬೇಕು. ಕೆಳಗಿನ ಮನೆಯವರು ಕುಡಿಯುವುದು ಅದೇ ನೀರನ್ನು.

ಟೈರುಗಳ ವಿಷಯವೂ ಹೀಗೆಯೇ ಗೂಢವಾದದ್ದು. ನಮ್ಮ ಜೀಪಿನ ಹಿಂದಿನವು ಹೊಸವು, ಮುಂದಿನವು ಸವೆದವು ಮತ್ತು ಬೇರೆ ಅಳತೆಯವು. ಎರಡು ಚಕ್ರಗಳಿಂದ ನಡೆಯುವ ಗಾಡಿಗೆ ಇದರಿಂದ ಅಷ್ಟು ಬಾಧೆಯಿಲ್ಲ. ನಮ್ಮದರಲ್ಲಿ ಸನ್ನೆಗೋಲನ್ನು ಹಾಕಿದಾಗ ಮುಂದಿನ ಅಚ್ಚೂ ಹಿಂದಿನ ಅಚ್ಚೂ ಒಂದೇ ಲೆಕ್ಕದಲ್ಲಿ ತಿರುಗಲೇಬೇಕು. ಚಕ್ರಗಳ ಸುತ್ತಳತೆಯಲ್ಲಿ ಭೇದವಿದ್ದರೆ, ಅಥವಾ ಒಣಗಿದ ಡಾಂಬರಿನ ಮೇಲೆ ತಿರುವು ತೆಗೆದುಕೊಂಡರೆ, ಮುಂದಿನವು ಹೋಗಬೇಕಾದ ದೂರವೂ ಹಿಂದಿನವು ಹೋಗಬೇಕಾದ ದೂರವೂ ಬೇರೆಯಾಗಿ, ಆ ಜಗಳವು ಒಳಗಿನ ಹಲ್ಲುಗಳ ಮೇಲೆ ಬಿಗಿಯಾಗಿ ಕೂರುವುದು. ಕೆಸರಿನಲ್ಲಿ ಚಕ್ರವು ಜಾರಿ ಬಿಗಿತವು ಸಡಿಲುವುದು; ಡಾಂಬರಿನ ಮೇಲೆ ಸಡಿಲದು. ಸನ್ನೆಗೋಲು ಹಿಂದಕ್ಕೆ ಬಾರದೆ ಹಟ ಹಿಡಿದರೆ ಬಲಾತ್ಕಾರ ಮಾಡಬಾರದು, ಗಾಡಿಯನ್ನು ನಾಲ್ಕಾರು ಮಾರು ಹಿಂದಕ್ಕೆ ನಡೆಸಿದರೆ ತಾನೇ ಬಿಡುವುದು. ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿಗಳ ಒಂದು ಗುರುತಿರುವುದು. 3216 ಎಂದಿದ್ದರೆ 2016ರ ಮೂವತ್ತೆರಡನೆಯ ವಾರದಲ್ಲಿ ತಯಾರಾದದ್ದೆಂದು ಅರ್ಥ. ನಮ್ಮ ಮುಂದಿನ ಟೈರುಗಳ ವಯಸ್ಸನ್ನು ಇಲ್ಲಿ ಹೇಳಲು ಸಂಕೋಚವಾಗುವುದು.

ಉಳಿದುದನ್ನು ಸಂಕ್ಷೇಪವಾಗಿ ಹೇಳಬಹುದು. ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ಎರಡು ವರ್ಷಕ್ಕೊಮ್ಮೆ ಬದಲಿಸತಕ್ಕದ್ದು. ಹಳ್ಳ ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತುತ್ತ ಸ್ವಲ್ಪ ದೂರ ನಡೆದು ಒಣಗಿಸಿಕೊಂಡೇ ಇಳಿಜಾರಿಗೆ ಹೋಗಬೇಕು. ಬಲವನ್ನೊಯ್ಯುವ ದಂಡಗಳ ಕೀಲುಗಳಿಗೆ, ಹಳೆಯ ಜಿಡ್ಡು ಹೊರಬರುವ ತನಕ ಹೊಸ ಜಿಡ್ಡನ್ನು ತುಂಬಬೇಕು. ಡೀಸಲಿನ ಸೋಸುಬಟ್ಟಲಿನಲ್ಲಿ ನಿಂತ ನೀರನ್ನು ಆಗಾಗ ಬಿಡಬೇಕು. ಕಾಗದಪತ್ರಗಳನ್ನು ಕುರಿತು: ಹಕ್ಕು ವರ್ಗವಾದುದನ್ನು ಅದೇ ರಾಜ್ಯದೊಳಗಾದರೆ ಮಾರಿದವರು 14 ದಿನಗಳಲ್ಲಿಯೂ ಕೊಂಡವರು 30 ದಿನಗಳಲ್ಲಿಯೂ ಸಾರಿಗೆ ಕಚೇರಿಗೆ ತಿಳಿಸಬೇಕೆಂದೂ, ವಿಮೆಯ ಪತ್ರದಲ್ಲಿ ಹೆಸರಿನ ಬದಲಾವಣೆಗೆ ಕೊಂಡವರು 14 ದಿನಗಳಲ್ಲಿ ಅರ್ಜಿ ಕೊಡಬೇಕೆಂದೂ 1988ರ ಮೋಟಾರು ವಾಹನ ಕಾನೂನಿನಲ್ಲಿದೆ. ಇದನ್ನು ಮಾತ್ರ ನಾವು ಕಾಲಕ್ಕೆ ಸರಿಯಾಗಿ ಮಾಡಿದ್ದೆವು. ಉಪಾಧ್ಯಾಯರಾದವರಿಗೆ ಅರ್ಜಿ ಬರೆಯುವುದು ಕಷ್ಟವಲ್ಲವಷ್ಟೆ.

ಒಟ್ಟು ರಿಪೇರಿಗೆ, ಎರಡು ಟೈರುಗಳೂ ಸೇರಿ, 31,000 ರೂಪಾಯಿ ಹಿಡಿಯಿತು. ಹೊಸ ಹೊದಿಕೆಯ ಆಸನಗಳನ್ನು ನೋಡಿ ಮೆಚ್ಚಿದ ಹೊತ್ತಿನಲ್ಲಿ ಒಬ್ಬ ಮೇಸ್ತ್ರಿಯನ್ನು ಜತೆಗೆ ಕರೆದೊಯ್ದಿದ್ದರೆ ಈ ಹಣವನ್ನು ಬೆಲೆಯಲ್ಲಿಯೇ ಕಳೆಯಬಹುದಾಗಿತ್ತು. ಏನನ್ನು ಎಂದು ಬದಲಿಸಿದೆವೆಂಬುದನ್ನು ಈಗ ಒಂದು ಹಳೆಯ ಹಾಜರಿ ಪುಸ್ತಕದಲ್ಲಿ ಬರೆದಿಡುತ್ತಿರುವೆವು; ಹಿಂದಿನ ಒಡೆಯರು ಅಂಥದೊಂದನ್ನು ಇಟ್ಟಿದ್ದರೆ ನಮಗೆ ಎಷ್ಟೋ ಉಪಕಾರವಾಗುತ್ತಿದ್ದಿತು.

ಬಳಸದೆ ಬಿಟ್ಟರೆ ಮುಂದಿನ ಅಚ್ಚಿನ ಭಾಗಗಳಿಗೆ ಎಣ್ಣೆ ಸೋಕದೆ ಮತ್ತೆ ತುಕ್ಕು ಹಿಡಿಯುವುದೆಂಬ ಕಾರಣದಿಂದ, ಮಳೆಯಿರಲಿ ಬಿಸಿಲಿರಲಿ, ಪ್ರತಿ ತಿಂಗಳ ಮೊದಲನೆಯ ಭಾನುವಾರ ಬಿಲ್ಲೆಗಳೆರಡನ್ನೂ ಸಿಕ್ಕಿಸಿ, ಸನ್ನೆಗೋಲನ್ನು ಎಳೆದು, ಮಣ್ಣಿನ ಏರನ್ನು ಒಂದು ಸಲ ಹತ್ತಿ ಇಳಿಯುವೆವು. ಅಕ್ಕನವರು ಅಂಗಳದ ತುದಿಯವರೆಗೆ ಕೋಲೂರಿಕೊಂಡು ಬಂದು ನಿಲ್ಲುವರು. ಮುಂದಿನ ಚಕ್ರಗಳು ಮಣ್ಣನ್ನು ಎರಚಿದುವೋ ಇಲ್ಲವೋ ಎಂದು ನೋಡಿ ಹೇಳುವ ಕೆಲಸವನ್ನು ಅವರು ತಾವಾಗಿಯೇ ವಹಿಸಿಕೊಂಡಿರುವರು. ಕಳೆದ ಭಾನುವಾರ ಎಡಗಡೆಯದು ಸ್ವಲ್ಪ ಹಿಂದುಳಿಯಿತೆಂದು ಅವರ ಅಭಿಪ್ರಾಯ. ಮೇಸ್ತ್ರಿಗಳಿಗೆ ಹೇಳಿಕಳುಹಿಸಿರುವೆವು.