ಪ್ರತಿಭೆಗೂ ಪುರಾವೆ ಬೇಕು

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ರೈಲುಮಾರ್ಗದಲ್ಲಿ ಉರಿಗಾಂ ಒಂದು ಚಿಕ್ಕ ನಿಲ್ದಾಣ. ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ದಿಬ್ಬಗಳು ಮಾತ್ರ ಆ ಪ್ರದೇಶದಲ್ಲಿ ಇಂದಿಗೂ ನಿಂತಿವೆ. ಆ ಗಣಿಯ ಪರೀಕ್ಷಾಶಾಲೆಯಲ್ಲಿ ದುಡಿದು ನಿವೃತ್ತರಾದ ಉರಿಗಾಂನ ಹಿರಿಯರೊಬ್ಬರು ಕೆಲವು ತಿಂಗಳ ಹಿಂದೆ ನಮ್ಮ ಮನೆಗೆ ಬಂದಿದ್ದರು. ಅವರ ಮಗಳು ಗಾಯಕಿ. ವಚನಗಾಯನದಲ್ಲಿ ಹೆಸರು ಮಾಡಿದವಳು. ಅಮೆರಿಕದಲ್ಲಿ ನೆಲೆಸಿ ಸಂಗೀತ ಕಲಿಸಬೇಕೆಂಬುದು ಅವಳ ಅಪೇಕ್ಷೆ.

“ಶಾಸ್ತ್ರಿಗಳೇ, ತಮ್ಮದೊಂದು ಪ್ರಶಂಸಾಪತ್ರ ಬೇಕು” ಎಂದರು. ನಾನು ಮಠದ ಪಾಠಶಾಲೆಯಲ್ಲಿ ಕಲಿತ ಶೈಲಿಯಲ್ಲಿ, ಗಾನಸರಸ್ವತಿ, ನಾದಬ್ರಹ್ಮಸ್ವರೂಪಿಣಿ ಎಂಬ ವಿಶೇಷಣಗಳಿಂದ ಅಲಂಕರಿಸಿ ಒಂದು ಪುಟ ಬರೆದುಕೊಟ್ಟೆ. ಹದಿನೈದು ದಿನಗಳಲ್ಲಿ ಅದು ಹಿಂದಿರುಗಿ ಬಂದಿತು. ಅವರ ವಕೀಲರ ಪ್ರಶ್ನೆ ಒಂದೇ: “ಈಕೆ ಮಾಡಿದ್ದೇನು? ಅದು ಇದರಲ್ಲಿ ಎಲ್ಲಿದೆ?” ನನಗೆ ನಾಚಿಕೆಯಾಯಿತು, ಆದರೆ ಆ ಪ್ರಶ್ನೆಯೇ ನನ್ನನ್ನು ಈ ವಿಷಯದ ಅಧ್ಯಯನಕ್ಕೆ ಹಚ್ಚಿತು. ಮಕ್ಕಳನ್ನು ಕಲಾಮಾರ್ಗದಲ್ಲಿ ಬೆಳೆಸುತ್ತಿರುವ ಕುಟುಂಬಗಳಿಗೆ ಉಪಯೋಗವಾದೀತೆಂದು ತಿಳಿದದ್ದನ್ನು ಇಲ್ಲಿ ನಿವೇದಿಸುತ್ತೇನೆ.

ಅಮೆರಿಕವು 1990ರಲ್ಲಿ ತನ್ನ ವಲಸೆ ಕಾನೂನನ್ನು ಪರಿಷ್ಕರಿಸಿದಾಗ ‘ಅಸಾಧಾರಣ ಸಾಮರ್ಥ್ಯ’ವುಳ್ಳವರಿಗೆ ಪ್ರತ್ಯೇಕ ದ್ವಾರವನ್ನು ತೆರೆಯಿತು. ವಿಜ್ಞಾನ, ಕಲೆ, ಶಿಕ್ಷಣ, ವ್ಯಾಪಾರ, ಕ್ರೀಡೆಗಳಲ್ಲಿ ದೀರ್ಘಕಾಲ ರಾಷ್ಟ್ರೀಯ ಅಥವಾ ಅಂತರರಾಷ್ಟ್ರೀಯ ಮನ್ನಣೆ ಪಡೆದವರು ಅಲ್ಲಿ ಉದ್ಯೋಗದಾತರಿಲ್ಲದೆ ತಾವೇ ಶಾಶ್ವತ ವಾಸಕ್ಕೆ ಅರ್ಜಿ ಸಲ್ಲಿಸಬಹುದು. ತಾತ್ಕಾಲಿಕವಾಗಿ ಹೋಗುವ ಕಲಾವಿದರಿಗೆ ಓ-1 ವೀಸಾ ಬೇರೆಯೇ ಇದೆ. ಅದಕ್ಕೆ ಅಲ್ಲಿನ ಸಂಸ್ಥೆಯೋ ಏಜೆಂಟರೋ ಅರ್ಜಿ ಹಾಕಬೇಕು.

ಶಾಶ್ವತ ವಾಸದ ಅರ್ಜಿಗೆ ನೊಬೆಲ್‌ನಂತಹ ಒಂದು ಮಹಾಪ್ರಶಸ್ತಿ ಇರಬೇಕು. ಇಲ್ಲವಾದರೆ ನಿಯಮದಲ್ಲಿ ಹೇಳಿದ ಹತ್ತು ಬಗೆಯ ಪುರಾವೆಗಳಲ್ಲಿ ಕನಿಷ್ಠ ಮೂರಾದರೂ ಬೇಕು. ಮನ್ನಣೆಯುಳ್ಳ ಬಹುಮಾನಗಳು, ಪತ್ರಿಕೆಗಳಲ್ಲಿ ಬಂದ ವಿಮರ್ಶೆ, ಸ್ಪರ್ಧೆಗಳಲ್ಲಿ ತೀರ್ಪುಗಾರಿಕೆ, ಕಲೆಗೆ ಸಲ್ಲಿಸಿದ ಮೌಲಿಕವಾದ ಹೊಸ ಕೊಡುಗೆ, ಪ್ರತಿಷ್ಠಿತ ಸಂಸ್ಥೆಯಲ್ಲಿ ಪ್ರಮುಖ ಪಾತ್ರ, ಪ್ರದರ್ಶನ ಕಲೆಯಲ್ಲಿ ವಾಣಿಜ್ಯ ಯಶಸ್ಸು, ಇವು ಅವುಗಳಲ್ಲಿ ಕೆಲವು. ಮೂರನ್ನು ಎಣಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. 2010ರ ಕಜಾರಿಯನ್ ಪ್ರಕರಣದ ತೀರ್ಪಿನ ನಂತರ ಅಧಿಕಾರಿಗಳು ಮೊದಲು ಪುರಾವೆಗಳನ್ನು ಎಣಿಸಿ, ಅನಂತರ ಎಲ್ಲವನ್ನೂ ಒಟ್ಟಾಗಿ ತೂಗಿ, ಈತ ತನ್ನ ಕ್ಷೇತ್ರದ ಶಿಖರದಲ್ಲಿರುವ ಕೆಲವರಲ್ಲಿ ಒಬ್ಬನೇ ಎಂದು ನೋಡುತ್ತಾರೆ. ಅರ್ಜಿ ಒಪ್ಪಿಗೆಯಾದರೂ ಭಾರತದಲ್ಲಿ ಜನಿಸಿದವರು ಸರದಿಗಾಗಿ ಕಾಯಬೇಕಾಗಬಹುದು.

ಉದಾಹರಣೆಗಾಗಿ ನಮಗೆಲ್ಲ ಪರಿಚಿತರಾದ ಡಾ. ಮಲ್ಲಿಕಾರ್ಜುನ ಮನಸೂರರನ್ನು ನೆನೆಯೋಣ. ಅವರು ಇಂತಹ ಅರ್ಜಿಯ ಗೋಜಿಗೆ ಹೋದವರಲ್ಲ. ಅವರಿಗೆ ಅದು ಬೇಕಾಗಿಯೂ ಇರಲಿಲ್ಲ. ‘ಮಹಾನ್ ಗಾಯಕರು’ ಎಂದಷ್ಟೇ ಬರೆದರೆ ಅದು ನಮ್ಮ ಅಭಿಮಾನವಾದೀತು. 1970ರಲ್ಲಿ ಪದ್ಮಶ್ರೀ, 1976ರಲ್ಲಿ ಪದ್ಮಭೂಷಣ, 1992ರಲ್ಲಿ ಪದ್ಮವಿಭೂಷಣ ಎಂದು ಬರೆದರೆ ಅದು ದೀರ್ಘಕಾಲದ ಮನ್ನಣೆಗೆ ಸಾಕ್ಷ್ಯ. ಜೈಪುರ ಘರಾಣೆಯ ಮಂಜೀಖಾನ್ ಮತ್ತು ಬುರ್ಜೀಖಾನರಲ್ಲಿ ಕಲಿತ ವಿದ್ಯೆಯನ್ನು ವಚನಗಾಯನಕ್ಕೆ ಒಲಿಸಿದರು ಎಂದರೆ ಅದು ಕೊಡುಗೆಯ ನಿರೂಪಣೆ. ಇವೆರಡರ ನಡುವಿನ ಅಂತರವನ್ನೇ ಆ ವಕೀಲರು ನನಗೆ ತೋರಿಸಿದ್ದು.

ಹಿರಿಯರು ತಂದಿದ್ದ ಆಲ್ಬಮ್ಮಿನಲ್ಲಿ ಇನ್ನೊಂದು ತೊಡಕಿತ್ತು. ಮಗಳ ಬಗ್ಗೆ ಬಂದ ಬರಹಗಳನ್ನೆಲ್ಲ ಅವರು ಅಂದವಾಗಿ ಕತ್ತರಿಸಿ ಅಂಟಿಸಿದ್ದರು. ಅಂದಕ್ಕಾಗಿ ಪತ್ರಿಕೆಯ ಹೆಸರು, ದಿನಾಂಕಗಳಿದ್ದ ಅಂಚನ್ನೂ ಕತ್ತರಿಸಿ ಎಸೆದಿದ್ದರು! ನಿಯಮವಾದರೋ ಬರಹದ ಶೀರ್ಷಿಕೆ, ದಿನಾಂಕ, ಲೇಖಕರ ಹೆಸರು ಬೇಕೆನ್ನುತ್ತದೆ. ಕನ್ನಡ ಬರಹಕ್ಕೆ ಪೂರ್ಣ ಇಂಗ್ಲಿಷ್ ಅನುವಾದವೂ, ಅನುವಾದ ಸಮಗ್ರ ಹಾಗೂ ನಿಖರ, ತಾನು ಅದಕ್ಕೆ ಸಮರ್ಥ ಎಂಬ ಅನುವಾದಕರ ದೃಢೀಕರಣವೂ ಇರಬೇಕು.

“ಅಣ್ಣನವರೇ, ನಿಮ್ಮ ಪರೀಕ್ಷಾಶಾಲೆಗೆ ಚೀಟಿಯಿಲ್ಲದ ಅದಿರು ಬಂದರೆ ಏನು ಮಾಡುತ್ತಿದ್ದಿರಿ?” ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಯಾವ ಸುರಂಗದ್ದು, ಯಾವ ದಿನದ್ದು ಗೊತ್ತಿಲ್ಲದ ಮೇಲೆ ಅದರಲ್ಲಿ ಚಿನ್ನವಿದ್ದರೂ ಲೆಕ್ಕಕ್ಕೆ ಬಾರದು, ಶಾಸ್ತ್ರಿಗಳೇ” ಎಂದರು.

ಹಣ ಪಡೆದು ‘ಅಂತರರಾಷ್ಟ್ರೀಯ ಪ್ರಶಸ್ತಿ’ ಕೊಡುವವರೂ ಇದ್ದಾರೆ. ಅಂಥದೊಂದು ಆಹ್ವಾನ ಈ ಹುಡುಗಿಗೂ ಬಂದಿತ್ತಂತೆ. ತಂದೆ ಒಲಿದಿದ್ದರು, ಮಗಳು ಒಪ್ಪಲಿಲ್ಲ. ಅವಳು ಮಾಡಿದ್ದೇ ಸರಿ. ಪ್ರಶಸ್ತಿಯ ಆಯ್ಕೆಯ ಕ್ರಮವೇನು, ಸ್ಪರ್ಧಿಸಿದವರಾರು ಎಂದು ಅಧಿಕಾರಿಗಳು ಕೇಳುತ್ತಾರೆ. ಹುಸಿಯೊಂದು ಸಿಕ್ಕಿದರೆ ದಿಟವಾದ ಹತ್ತು ಕಾಗದಗಳೂ ಸಂಶಯಕ್ಕೆ ಈಡಾಗುತ್ತವೆ.

ತನ್ನನ್ನು ತಾನು ಹೊಗಳಿಕೊಳ್ಳುವುದು ನಮ್ಮ ಸಂಸ್ಕಾರವಲ್ಲ ಎಂದು ಕೆಲವರು ಸಂಕೋಚಪಡುತ್ತಾರೆ. ಸಂಕೋಚ ಒಳ್ಳೆಯದೇ. ಆದರೆ ನಡೆದುದನ್ನು ನಡೆದಂತೆ, ಆಧಾರಸಹಿತ ಹೇಳುವುದು ಆತ್ಮಸ್ತುತಿಯಲ್ಲ. ಆಧಾರವಿಲ್ಲದ ವಿಶೇಷಣವೇ ಆತ್ಮಸ್ತುತಿ. ನನ್ನ ಮೊದಲ ಪತ್ರ ಅಂಥದಾಗಿತ್ತು. ಎರಡನೆಯದರಲ್ಲಿ ಅವಳು ರಾಗ ಸಂಯೋಜಿಸಿದ ವಚನಗಳೆಷ್ಟು, ಅವುಗಳನ್ನು ಬೇರೆ ಯಾವ ಗಾಯಕರು ಹಾಡುತ್ತಿದ್ದಾರೆ, ನಾನು ಎಲ್ಲಿ ಯಾವಾಗ ಕೇಳಿದೆ ಎಂಬುದನ್ನಷ್ಟೇ ಬರೆದೆ. ಒಂದೂ ಬಿರುದಿಲ್ಲ.

ಅರ್ಜಿಯ ಫಲ ಇನ್ನೂ ತಿಳಿದಿಲ್ಲ. ಹಿರಿಯರು ಈಗ ಗ್ರಂಥಾಲಯಗಳಲ್ಲಿ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿ ಕಳೆದ ದಿನಾಂಕಗಳನ್ನು ಹುಡುಕುತ್ತಿದ್ದಾರೆ. ಮಕ್ಕಳು ಹಾಡುವ, ಕುಣಿಯುವ, ಚಿತ್ರ ಬರೆಯುವ ಮನೆಗಳಲ್ಲಿ ಇಂದಿನಿಂದಲೇ ಪತ್ರಿಕೆಯ ಪುಟವನ್ನು ಇಡಿಯಾಗಿ ತೆಗೆದಿಡಿರಿ. ಪ್ರಶಸ್ತಿಪತ್ರದ ಜೊತೆ ಆಹ್ವಾನಪತ್ರಿಕೆಯನ್ನೂ ಇಡಿರಿ. ಮಕ್ಕಳು ಪರದೇಶಕ್ಕೆ ಹೋಗಲಿ, ಬಿಡಲಿ, ಅವರು ನಡೆದ ದಾರಿಯ ಗುರುತು ಮನೆಯಲ್ಲಿ ಉಳಿದೀತು.