ರೂಮೆನ್ ಎಂಬ ಕೆರೆಯಲ್ಲಿ ಈಜುವವರು

ಮಕ್ಕಳೇ, ಜಂಗಮಕೋಟೆಯಂಥ ಊರುಗಳಲ್ಲಿ ಬೆಳಿಗ್ಗೆ, ಸಂಜೆ ಡೇರಿಗೆ ಹಾಲು ಒಯ್ಯುವವರನ್ನು ನೋಡಿರುತ್ತೀರಿ. ಆ ಹಾಲು ಕೊಟ್ಟ ಹಸು ತಿಂದದ್ದು ಒಣ ರಾಗಿಹುಲ್ಲು. ನಾವು ತಿಂದರೆ ಅದು ಜೀರ್ಣವಾಗದು. ಹಸುವಿಗೆ ಮಾತ್ರ ಹೇಗೆ ಆಗುತ್ತದೆ?

ಹಸುವಿನ ಹೊಟ್ಟೆಗೆ ನಾಲ್ಕು ಕೋಣೆಗಳು. ಎಲ್ಲಕ್ಕಿಂತ ದೊಡ್ಡದು ರೂಮೆನ್. ಅಲ್ಲಿನ ಶಾಖ ಸುಮಾರು 39 ಡಿಗ್ರಿ ಸೆಲ್ಸಿಯಸ್. ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಹುಲ್ಲಿನ ನಾರನ್ನು ಒಡೆಯುವ ಹೆಚ್ಚಿನ ಕೆಲಸ ಅಲ್ಲಿರುವ ಬ್ಯಾಕ್ಟೀರಿಯಗಳದ್ದು. ಅವುಗಳ ಜೊತೆಗೆ ಸಿಲಿಯೇಟ್ ಎಂಬ ಏಕಕೋಶ ಜೀವಿಗಳೂ ಇವೆ. ಒಂದು ಮಿಲಿಲೀಟರ್ ರಸದಲ್ಲಿ ಸಾಮಾನ್ಯವಾಗಿ 1 ಲಕ್ಷದಿಂದ 10 ಲಕ್ಷ! ಫ್ರಾನ್ಸಿನಲ್ಲಿ ಗ್ರೂಬಿ ಮತ್ತು ಡೆಲಾಫೊಂಡ್ ಎಂಬುವರು 1843ರಲ್ಲಿ ಇವುಗಳನ್ನು ವರ್ಣಿಸಿದರು.

ಪಾಠದಲ್ಲಿ ಓದಿದ ಪ್ಯಾರಮೀಸಿಯಂ ನೆನಪಿದೆಯೇ? ಅದೂ ಸಿಲಿಯೇಟ್. ಮೈಮೇಲೆ ಸಣ್ಣ ಕೂದಲಿನಂಥ ಲೋಮಾಂಗಗಳು, ಒಳಗೆ ದಿನದ ಕೆಲಸ ನೋಡಿಕೊಳ್ಳುವ ದೊಡ್ಡ ಕೋಶಕೇಂದ್ರ, ವಂಶಕ್ಕಾಗಿ ಸಣ್ಣ ಕೋಶಕೇಂದ್ರ. ರೂಮೆನ್‌ನ ಸಿಲಿಯೇಟ್‌ಗಳಲ್ಲಿ ಲೋಮಾಂಗ ಎಲ್ಲಿದೆ ಎಂಬುದನ್ನು ನೋಡಿಯೇ ಗುಂಪು ಗುರುತಿಸಬಹುದು. ಐಸೋಟ್ರೈಕಾಗೆ ಮೈತುಂಬ ಲೋಮಾಂಗ. ಎಂಟೊಡೀನಿಯಂಗೆ ಬಾಯಿಯ ಬಳಿ ಒಂದು ಕುಚ್ಚು ಮಾತ್ರ. ಎಪಿಡೀನಿಯಂಗೆ ಎರಡು ಕುಚ್ಚು, ಒಳಗೆ ಆಧಾರದ ಫಲಕಗಳು ಬೇರೆ.

ಆಮ್ಲಜನಕವಿಲ್ಲದೆ ಇವು ಬದುಕುವುದು ಹೇಗೆ? ನಮ್ಮ ಜೀವಕೋಶಗಳಲ್ಲಿ ಮೈಟೋಕಾಂಡ್ರಿಯ ಮಾಡುವ ಕೆಲಸವನ್ನು ಇಂಥ ಹಲವು ಸಿಲಿಯೇಟ್‌ಗಳಲ್ಲಿ ಹೈಡ್ರೋಜನೋಸೋಮ್ ಬೇರೆ ರೀತಿಯಲ್ಲಿ ಮಾಡುತ್ತದೆ. ಅದರಿಂದ ಜಲಜನಕ ಹೊರಬರುತ್ತದೆ. ಅದನ್ನು ಬಳಸಿ ಇನ್ನೂ ಸಣ್ಣ ಜೀವಿಗಳು ಮೀಥೇನ್ ಮಾಡುತ್ತವೆ. ಈ ಅನಿಲದ ಬಹುಪಾಲು ಹೊರಹೋಗುವುದು ಹಸುವಿನ ತೇಗಿನ ಮೂಲಕ, ನೀವು ನಗುತ್ತಿರುವ ದಾರಿಯಿಂದಲ್ಲ!

ಕೆರೆಯ ಕೆಸರಿನಲ್ಲಿರುವ ಮೆಟೋಪಸ್, ಜಿರಲೆಯ ಕರುಳಿನಲ್ಲಿರುವ ನಿಕ್ಟೋಥೀರಸ್ ಕೂಡ ಆಮ್ಲಜನಕ ಬೇಡದವು. ಇವೆರಡೂ ಒಂದೇ ವರ್ಗದವು. ಹಸುವಿನ ಹೊಟ್ಟೆಯವು ಅವುಗಳ ಹತ್ತಿರದ ನೆಂಟರಲ್ಲ. ಆಮ್ಲಜನಕವಿರುವ ನೀರಿನಲ್ಲಿ ಪ್ಯಾರಮೀಸಿಯಂ ಅನ್ನೇ ನುಂಗುವ ಡಿಡೀನಿಯಂ ಇರುವ ವರ್ಗಕ್ಕೆ ಸೇರಿದವು. ಅಂದರೆ ಆಮ್ಲಜನಕವಿಲ್ಲದ ಬಾಳು ಸಿಲಿಯೇಟ್‌ಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ, ಬೇರೆ ಬೇರೆಯಾಗಿ ಬಂದಿದೆ.

ಹುಟ್ಟಿದ ಕರುವಿನ ಹೊಟ್ಟೆಯಲ್ಲಿ ಇವು ಇರುವುದಿಲ್ಲ. ತಾಯಿ ನೆಕ್ಕುವಾಗ ಎಂಜಲಿನ ಮೂಲಕ ಬರುತ್ತವೆ. ಇವಿಲ್ಲದೆಯೂ ಹಸು ಬದುಕಬಲ್ಲದು. ಆದರೆ ಇವು ಹಿಟ್ಟಿನ ಕಣಗಳನ್ನು ನುಂಗಿ ನಿಧಾನವಾಗಿ ಜೀರ್ಣಿಸುವುದರಿಂದ ಹೊಟ್ಟೆ ಬೇಗ ಹುಳಿಯಾಗುವುದಿಲ್ಲ. ಮದುವೆಮನೆಯಲ್ಲಿ ಮಿಕ್ಕ ಅನ್ನವನ್ನು ಒಮ್ಮೆಗೇ ಬಕೆಟ್‌ಗಟ್ಟಲೆ ಸುರಿದರೆ ಮಾತ್ರ ಇವುಗಳ ಕೈ ಮೀರುತ್ತದೆ. ಆಮ್ಲ ಏರಿ ಸಿಲಿಯೇಟ್‌ಗಳು ಸಾಯುತ್ತವೆ, ಹಸು ಮೇವು ಬಿಡುತ್ತದೆ, ಪ್ರಾಣವೂ ಹೋಗಬಹುದು. ಆಗ ಪಶುವೈದ್ಯರು ರೂಮೆನ್ ರಸದ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದುಂಟು. ಈಜಾಟವಿದ್ದರೆ ಸಮಾಧಾನ. ಎಲ್ಲವೂ ನಿಶ್ಚಲವಾಗಿದ್ದರೆ, ಹುಳಿ ಇಳಿಸಿದ ಮೇಲೆ, ಆರೋಗ್ಯವಂತ ಹಸುವಿನ ರೂಮೆನ್ ರಸವನ್ನೇ ತಂದು ಕುಡಿಸುವ ಚಿಕಿತ್ಸೆಯೂ ಇದೆ.