ಒಂದೂಮುಕ್ಕಾಲು ಮಿಲಿಮೀಟರಿನ ಕಿಂಡಿ

ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ತೊಡಿಸಿ ಬಿಟ್ಟ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಮೈಸೂರು ಬಳಿಯ ಹದಿನಾರು ಎಂಬ ಊರಿನ ಕೆರೆಗೆ ಬಂದಿಳಿದದ್ದುಂಟು. ಪಟ್ಟಿಯ ಮೇಲಿನ ಅಕ್ಷರ, ಅಂಕಿ ಓದಿಕೊಂಡರೆ ಹಕ್ಕಿಯ ಊರು ಪತ್ತೆಯಾಗುತ್ತದೆ. ಆದರೆ ಕೆರೆ ಏರಿಯ ಮೇಲೆ ನಿಂತವರ ಕೊರಳಲ್ಲಿ ಸಾಮಾನ್ಯವಾಗಿ ತೂಗುವುದು 8×42 ಬೈನಾಕ್ಯುಲರ್. ಅದರಲ್ಲಿ ಹಕ್ಕಿ ಕಾಣುತ್ತದೆ, ಪಟ್ಟಿಯೂ ಕಾಣುತ್ತದೆ, ಅಕ್ಷರ ಮಾತ್ರ ಹಿಡಿತಕ್ಕೆ ಸಿಗುವುದಿಲ್ಲ. ಸ್ಪಾಟಿಂಗ್ ಸ್ಕೋಪ್ ತರೋಣವೆಂದರೆ ಬೆಲೆಯೂ ಭಾರ, ಹೊರೆಯೂ ಭಾರ.

ಇಂಥ ಹೊತ್ತಿಗೆ ನೆನಪಾಗುವುದು ಬೂಸ್ಟರ್. ಬೈನಾಕ್ಯುಲರಿನ ಒಂದು ಕಣ್ಣಿಗೆ ಮಾತ್ರ, ಐಪೀಸಿನ ಹಿಂದೆ ಸಿಕ್ಕಿಸುವ ಪುಟ್ಟ ದೂರದರ್ಶಕ ಅದು. ಸ್ವರೋವ್ಸ್ಕಿಯ ಬೂಸ್ಟರ್ ದೃಶ್ಯವನ್ನು ಎರಡು ಪಟ್ಟು ಹಿಗ್ಗಿಸುತ್ತದೆ. ಝೈಸ್‌ನ 3×12 ಮೊನೊ ಮೂರು ಪಟ್ಟು ಹಿಗ್ಗಿಸುತ್ತದೆ; ಬಿಚ್ಚಿ ಜೇಬಿಗೆ ಹಾಕಿಕೊಂಡರೆ ಬಿಡಿಯಾಗಿಯೂ ಬಳಕೆಗೆ ಬರುತ್ತದೆ. 8 ಪಟ್ಟಿನ ಬೈನಾಕ್ಯುಲರ್ ಒಂದು ತಿರುವಿಗೆ 24 ಪಟ್ಟಿನದಾಯಿತು. ಕೇಳಲು ಎಷ್ಟು ಚೆನ್ನ!

ಕಣ್ಣಿಟ್ಟಾಗ ಗೊತ್ತಾಗುತ್ತದೆ ಪಾಡು. ಒಮ್ಮೆ ಹಕ್ಕಿ, ಮರುಕ್ಷಣ ಕತ್ತಲು. ಗೋಡಂಬಿಯಾಕಾರದ ಕರಿನೆರಳೊಂದು ಎಡದಿಂದಲೋ ಬಲದಿಂದಲೋ ಸರಿದು ಬಂದು ಚಿತ್ರವನ್ನು ನುಂಗುತ್ತದೆ. ತಲೆ ಕೊಂಚ ಹಿಂದಕ್ಕೆ ಹೋದರೆ ನೋಟ ಕೊಳವೆಯಷ್ಟಾಗುತ್ತದೆ, ಮುಂದಕ್ಕೆ ಬಂದರೆ ಮತ್ತೆ ನೆರಳು. ಹೆಚ್ಚಿನವರು ತಮ್ಮ ಕಣ್ಣನ್ನೇ ಶಂಕಿಸುತ್ತಾರೆ. ಕಣ್ಣು ಸರಿಯಾಗಿಯೇ ಇರುತ್ತದೆ. ಅದು ಕೂರಬೇಕಾದ ಜಾಗ ಕಿರಿದಾಗಿದೆ, ಅಷ್ಟೆ.

ಆ ಜಾಗವನ್ನು ಯಾರು ಬೇಕಾದರೂ ನೋಡಬಹುದು. ಬೂಸ್ಟರ್ ಇಲ್ಲದ ಬೈನಾಕ್ಯುಲರನ್ನು ತೋಳಿನಷ್ಟು ದೂರ ಹಿಡಿದು ಬೆಳಕಾದ ಆಕಾಶದ ಕಡೆ ತಿರುಗಿಸಬೇಕು (ಸೂರ್ಯನತ್ತ ಮಾತ್ರ ಎಂದೂ ಬೇಡ). ಐಪೀಸಿನಲ್ಲಿ ಬೆಳ್ಳಗಿನ ದುಂಡು ಬಿಲ್ಲೆಯೊಂದು ತೇಲುತ್ತಿರುತ್ತದೆ. ಎಕ್ಸಿಟ್ ಪ್ಯೂಪಿಲ್ ಎಂದರೆ ಇದೇ. ಮುಂದಿನ ಮಸೂರ ಹಿಡಿದ ಬೆಳಕೆಲ್ಲ ಈ ಬಿಲ್ಲೆಯ ಮೂಲಕವೇ ಹೊರಬರಬೇಕು, ಕಣ್ಣಪಾಪೆ ಅಲ್ಲಿಗೇ ಬಂದು ನಿಲ್ಲಬೇಕು. ಮಸೂರದ ಅಗಲವನ್ನು ವರ್ಧನೆಯಿಂದ ಭಾಗಿಸಿದರೆ ಬಿಲ್ಲೆಯ ಅಗಲ ಸಿಗುತ್ತದೆ: 42 ಭಾಗಿಸು 8, ಅಂದರೆ 5.25 ಮಿ.ಮೀ.

ಹಗಲು ಬೆಳಕಿನಲ್ಲಿ ಪಾಪೆ 2ರಿಂದ 3 ಮಿ.ಮೀ.ಗೆ ಕಿರಿದಾಗುತ್ತದೆ. ಐದೂಕಾಲು ಮಿ.ಮೀ. ಬಿಲ್ಲೆಯೊಳಗೆ ಅದು ಕೊಂಚ ಅತ್ತಿತ್ತ ಆದರೂ ನಡೆಯುತ್ತದೆ. ಎರಡು ಪಟ್ಟಿನ ಬೂಸ್ಟರ್ ಹಾಕಿದರೆ ಬಿಲ್ಲೆ 2.6 ಮಿ.ಮೀ.ಗೆ ಇಳಿದು ಪಾಪೆಯಷ್ಟೇ ಆಗುತ್ತದೆ, ಸಡಿಲವೇ ಉಳಿಯುವುದಿಲ್ಲ. ಮೂರು ಪಟ್ಟಿನದರಲ್ಲಿ ಉಳಿಯುವುದು 1.75. ಜೊತೆಗೆ ಕಣ್ಣುಗುಡ್ಡೆಯ ಚಾಳಿಯೊಂದಿದೆ: ಚಿತ್ರದ ಅಂಚಿನಲ್ಲೇನಿದೆ ಎಂದು ಅದು 20 ಡಿಗ್ರಿ ಹೊರಳಿದರೆ ಪಾಪೆ 3 ಮಿ.ಮೀ.ಗೂ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ. ಬಿಲ್ಲೆ ಕೈತಪ್ಪಲು ಅಷ್ಟು ಧಾರಾಳವಾಗಿ ಸಾಕು.

ಸಂಜೆ ಪಾಪೆ ಹಿಗ್ಗುವುದರಿಂದ ಈ ಸಣ್ಣ ಬಿಲ್ಲೆಯ ಮೇಲೆ ಕಣ್ಣಿಡುವುದು ಹಗಲಿಗಿಂತ ಸಲೀಸು. ಆದರೇನು, ಆ ಹೊತ್ತಿಗೆ ಚಿತ್ರವೇ ಮಂಕು. ಮೂರು ಪಟ್ಟು ಹಿಗ್ಗಿದ ದೃಶ್ಯದಲ್ಲಿ ಬೆಳಕು ಒಂಬತ್ತರಲ್ಲಿ ಒಂದು ಪಾಲಿಗೆ ಹಂಚಿಹೋಗಿರುತ್ತದೆ.

ಮುಖಕ್ಕೆ ಆಸರೆ ತಪ್ಪುವುದು ಇನ್ನೊಂದು ತೊಡಕು. ಬರಿಯ ಬೈನಾಕ್ಯುಲರಿನಲ್ಲಿ ಎರಡು ಐಕಪ್‌ಗಳು ಹುಬ್ಬಿನ ಮೂಳೆಗೆ ಒತ್ತಿ ಕೂತು ತಲೆಯನ್ನು ಹಿಡಿದಿಡುತ್ತವೆ. ಬೂಸ್ಟರ್ ಒಂದೇ ಬದಿಗೆ ಕೊಂಬಿನಂತೆ ಚಾಚಿಕೊಂಡಾಗ ಇನ್ನೊಂದು ಬದಿ ಗಾಳಿಯಲ್ಲಿ. ಕನ್ನಡಕದವರ ಕಷ್ಟ ಇನ್ನೂ ಒಂದು ಕೈ ಮೇಲು. ಬಿಲ್ಲೆ ಕಣ್ಣಿನ ಬದಿಯ ಮಸೂರದಿಂದ ಹೊರಗೆ ತೇಲುವ ದೂರಕ್ಕೆ ಐ ರಿಲೀಫ್ ಎನ್ನುತ್ತಾರೆ. ಕನ್ನಡಕ ನಡುವೆ ಇರಬೇಕಾದರೆ ಅದು 15 ಮಿ.ಮೀ. ಆದರೂ ಬೇಕು. ಸಮೀಪದೃಷ್ಟಿ, ದೂರದೃಷ್ಟಿಯವರು ಕನ್ನಡಕ ತೆಗೆದಿಟ್ಟು ಫೋಕಸ್ ತಿರುಗಿಸಿಕೊಳ್ಳಬಹುದು. ಸಿಲಿಂಡರ್ ಪವರ್ ಇರುವವರಿಗೆ ಫೋಕಸ್ ನೆರವಾಗದು, ಆದರೆ ಬಿಲ್ಲೆ ಸಣ್ಣದಾದಷ್ಟೂ ಆ ದೋಷ ಕಡಿಮೆ ಕಾಡುತ್ತದೆ ಎಂಬುದೊಂದು ಸಮಾಧಾನ.

ಪಳಗಿದವರು ಬರಿಗೈಯಲ್ಲಿ ಈ ಸಾಹಸಕ್ಕೆ ಇಳಿಯುವುದಿಲ್ಲ. 24 ಪಟ್ಟಿನಲ್ಲಿ ನಾಡಿಬಡಿತವೂ ಚಿತ್ರವನ್ನು ಕುಣಿಸುತ್ತದೆ. ಬೈನಾಕ್ಯುಲರನ್ನು ಟ್ರೈಪಾಡಿಗೆ ಬಿಗಿದು, ಹಕ್ಕಿಯನ್ನು ಮೊದಲು ಬೂಸ್ಟರ್ ಇಲ್ಲದೆ ನಟ್ಟನಡುವೆ ತಂದು, ಫೋಕಸ್ ಮಾಡಿ, ಆಮೇಲೆ ಬೂಸ್ಟರ್ ಕೂರಿಸುತ್ತಾರೆ. ಕಣ್ಣನ್ನು ಥಟ್ಟನೆ ಒತ್ತದೆ ಹಿಂದಿನಿಂದ ನಿಧಾನವಾಗಿ ತರುತ್ತಾರೆ. ಬಿಲ್ಲೆ ಹಿಗ್ಗುತ್ತಾ ಬಂದು ಚಿತ್ರ ಪೂರ್ತಿ ತುಂಬಿದಲ್ಲಿ ನಿಲ್ಲಿಸಿ, ಹೆಬ್ಬೆರಳನ್ನು ಹುಬ್ಬಿಗೂ ಬೂಸ್ಟರಿಗೂ ನಡುವೆ ಆನಿಸುತ್ತಾರೆ. ಇನ್ನೊಂದು ಕಣ್ಣನ್ನು ಕಿವುಚಿ ಮುಚ್ಚಿದರೆ ಮುಖವೆಲ್ಲ ಬಿಗಿದು ಪಾಪೆ ಜಾರುತ್ತದೆ, ಅಂಗೈ ಅಡ್ಡ ಹಿಡಿದರೆ ಸಾಕು.

ಇಷ್ಟೆಲ್ಲ ಮಾಡುವಷ್ಟು ಹೊತ್ತು ಹಕ್ಕಿ ಕಾಯಬೇಕಲ್ಲ! ಹಾರುವ ಮಿಂಚುಳ್ಳಿಗೆ ಬೂಸ್ಟರ್ ಕೆಲಸಕ್ಕೆ ಬಾರದು. ದಡದಲ್ಲಿ ಕಾಲೂರಿ ನಿಂತ ಹೆಬ್ಬಾತಿನ ಕೊರಳಪಟ್ಟಿ ಓದಲು ಆದೀತು. ಕೊಳ್ಳುವ ಮನಸ್ಸಿದ್ದವರು ತಮ್ಮದೇ ಬೈನಾಕ್ಯುಲರ್, ತಮ್ಮದೇ ಕನ್ನಡಕ ಅಂಗಡಿಗೆ ಒಯ್ದು, ಎದುರಿನ ಕಟ್ಟಡದ ಬೋರ್ಡನ್ನು ಐದು ನಿಮಿಷ ಓದಿ ನೋಡಿದ ಮೇಲೆಯೇ ದುಡ್ಡು ಕೊಡಲಿ.